ಪಣಕಹಳ್ಳಿಗೆ ಎಂಪಿ ತಡವಾಗಿ ಬಂದದ್ದು

ಎಮ್ಮೆಲ್ಲೆಯೂ ಎಂಪಿಯೂ ಒಂದೇ ಕಾರಿನಲ್ಲಿ ಪಣಕಹಳ್ಳಿಗೆ ಬಂದ ದಿನವನ್ನು ತಮಿಳುನಾಡಿಗೆ ಸೇರಿದ ನಮ್ಮ ಬೆಟ್ಟದ ಜನ ಈಗಲೂ ಹೇಳಿಕೊಳ್ಳುತ್ತಾರೆ. ಇಬ್ಬರೂ ಎದುರಾಳಿ ಪಕ್ಷದವರು. ಒಂದು ಮಗುವಿನ ಅಪರೂಪದ ಕಾಯಿಲೆಗಾಗಿ ಅವರನ್ನು ಕೂಡಿಸಿದವರು ಭಾವ-ಬಾಮೈದ, ಹಳೆಯ ವೈರ ಮರೆತು ಒಂದಾದರು ಎನ್ನುತ್ತಾರೆ. ಆ ಬಾಮೈದ ನಾನು. ನನ್ನ ಪಾಲಿನ ಮಾತು ಅಷ್ಟೂ ಸುಳ್ಳು. ಸಾಯುವ ಮೊದಲು ಅದನ್ನು ತಿದ್ದಬೇಕು.

ಭಾವ ಅಂದರೆ ನನ್ನ ಅಕ್ಕನ ಗಂಡ. ಅಕ್ಕನ ಮಗಳನ್ನು ನನ್ನ ಮಗನಿಗೆ ತಂದುಕೊಳ್ಳುವುದು ನಮ್ಮಲ್ಲಿ ಕೇಳಬೇಕಾದ ವಿಷಯವೇ ಅಲ್ಲ, ಅದು ಸೋದರಮಾವನ ಮನೆಯ ಹಕ್ಕು. ಆದರೂ ಮರ್ಯಾದೆಗೆಂದು ಊರ ಹಿರಿಯರನ್ನು ಮುಂದಿಟ್ಟುಕೊಂಡು, ಎಲೆಅಡಿಕೆಯ ತಟ್ಟೆ ಹಿಡಿದು, ಎರಡು ಬೀದಿ ದಾಟಿ ಅವರ ಮನೆಗೆ ಹೋದೆ. ಭಾವ ತಟ್ಟೆ ಮುಟ್ಟಲಿಲ್ಲ.

“ನಿನ್ ಮಗ ಒಲದಲ್ಲಿ ಕಾಡಂದಿ ಓಡ್ಸದು ಬುಟ್ರೆ ಇನ್ನೇನ್ಲಾ ಕಲ್ತವ್ನೆ? ನನ್ ಮಗ್ಳು ಪ್ಲಸ್ ಟೂ ಪಾಸು ಮಾಡವ್ಳೆ” ಅಂದ.

ಹಿರಿಯರೊಬ್ಬರು ನಕ್ಕುಬಿಟ್ಟರು. ತಟ್ಟೆ ವಾಪಸು ಹೊತ್ತುಕೊಂಡು ಬರುವಾಗ ಆ ನಗು ನನ್ನ ಬೆನ್ನ ಹಿಂದೆಯೇ ಬಂತು. ಭಾವ ಮಗಳನ್ನು ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಕೆಲಸ ಮಾಡುವ ಹುಡುಗನಿಗೆ ಕೊಟ್ಟ. ಮದುವೆಗೆ ನಾನು ಹೋಗಲಿಲ್ಲ. ಅವರ ಮನೆಯ ನೀರು ಮುಟ್ಟುವುದಿಲ್ಲವೆಂದು ಆಣೆ ಮಾಡಿದೆ.

ಮುಂದಿನ ಪಂಚಾಯ್ತಿ ಚುನಾವಣೆಯಲ್ಲಿ ಭಾವ ತನ್ನ ಪಕ್ಷದ ಬಣ್ಣದ ಅಂಚಿನ ಪಂಚೆ ಉಟ್ಟು ನಿಂತ. ಅಲ್ಲಿಯವರೆಗೆ ನಾನೂ ಅದೇ ಪಕ್ಷಕ್ಕೆ ಓಟು ಹಾಕುತ್ತಿದ್ದವನು. ಆ ವಾರವೇ ಸತ್ಯಮಂಗಲಕ್ಕೆ ಇಳಿದು ಎದುರು ಪಕ್ಷದ ಅಂಚಿನ ಪಂಚೆ ಕೊಂಡು ಉಟ್ಟೆ. ನಮ್ಮಲ್ಲಿ ಸಿದ್ಧಾಂತ ನೋಡಿ ಪಕ್ಷ ಸೇರಿದವರನ್ನು ನಾನು ಕಾಣೆ. ವೈರಿ ಎಲ್ಲಿ ನಿಂತಿದ್ದಾನೆ ನೋಡಿ ಅವನ ಎದುರಿಗೆ ನಿಲ್ಲುತ್ತೇವೆ. ಅವನು ಬೋರ್‌ವೆಲ್ ತಂದರೆ ನಾನು ಅದರ ಕರೆಂಟಿಗೆ ತಕರಾರು ಹಾಕಿದೆ. ನಾನು ಬೀದಿದೀಪ ಹಾಕಿಸಿದರೆ ಮಾರನೆಯ ದಿನ ಬಲ್ಬು ಇರುತ್ತಿರಲಿಲ್ಲ. ಹೀಗೆ ದ್ವೇಷ ಮಾಡುತ್ತಲೇ ನಾನು ಪಕ್ಷದಲ್ಲಿ ಮೇಲೆ ಬಂದೆ. ಬೆಟ್ಟದ ಮೇಲೆ ಎಂಪಿಯ ಕಿವಿ ನಾನೇ ಎಂಬ ಹೆಸರಾಯಿತು.

ಭಾವನ ಮಗಳಿಗೆ ಹುಟ್ಟಿದ ಹೆಣ್ಣುಮಗು ಮಾತು ಕಲಿಯುವ ಹೊತ್ತಿಗೆ ಹೊಟ್ಟೆ ಊದಿಕೊಂಡಿತು, ಬೆರಳು ಪೂರ್ತಿ ಬಿಚ್ಚಲಾಗದೆ ಹೋಯಿತು. ತಾಯಿ ಮಗುವನ್ನು ಎತ್ತಿಕೊಂಡು ತವರಿಗೆ ಬಂದಳು. ಎಷ್ಟೋ ಆಸ್ಪತ್ರೆ ತಿರುಗಿದ ಮೇಲೆ ಕೊಯಮತ್ತೂರಿನ ಡಾಕ್ಟರೊಬ್ಬರು ಬಿಡಿಸಿ ಹೇಳಿದರಂತೆ. ಮೈಯೊಳಗಿನ ಕಸ ಕರಗಿಸುವ ಒಂದು ರಸ ಈ ಮಗುವಿಗೆ ಹುಟ್ಟಿನಿಂದಲೇ ಇಲ್ಲ. ಕಸ ಕೀಲುಗಳಲ್ಲಿ, ಲಿವರಿನಲ್ಲಿ, ಉಸಿರಿನ ದಾರಿಯಲ್ಲಿ ಕೂಡಿಕೊಳ್ಳುತ್ತದೆ. ಆ ರಸವನ್ನು ವಾರವಾರವೂ ಡ್ರಿಪ್‌ನಲ್ಲಿ ಕೊಟ್ಟರೆ ಕಾಯಿಲೆ ನಿಧಾನವಾಗುತ್ತದೆ. ಆದರೆ ಆಗಲೇ ಬಗ್ಗಿದ ಕೀಲು ಮತ್ತೆ ನೆಟ್ಟಗಾಗುವುದಿಲ್ಲ.

ಸುದ್ದಿ ಕೇಳಿದಾಗ ನಾನು ಟೀ ಅಂಗಡಿಯಲ್ಲಿದ್ದೆ. ಇನ್ನೊಂದು ಟೀ ಹೇಳಿದೆ. ನನ್ನ ಮಗನಿಗೆ ಕೊಟ್ಟಿದ್ದರೆ ಹೀಗಾಗುತ್ತಿತ್ತೇ ಎಂದು ಎಲ್ಲರಿಗೂ ಕೇಳುವಂತೆ ಅಂದೆ. ಅವತ್ತು ರಾಗಿಮುದ್ದೆ ರುಚಿಯಾಗಿತ್ತು ಎಂಬುದೂ ನೆನಪಿದೆ.

ಔಷಧಿ ಚೆನ್ನೈನಲ್ಲಿ ಮಾತ್ರ ಸಿಗುತ್ತಿತ್ತು. ಘಾಟಿ ಇಳಿದು, ಈರೋಡಿನಲ್ಲಿ ರೈಲು ಹತ್ತಿ, ಪ್ರತಿ ವಾರ ಆ ಮಗುವನ್ನು ಅಲ್ಲಿಗೆ ಒಯ್ಯುವುದು ಆಗದ ಮಾತು. ಚಾಮರಾಜನಗರ ನಮಗೆ ಹತ್ತಿರ, ಆದರೆ ಅದು ಬೇರೆ ರಾಜ್ಯ, ನಮ್ಮ ಆರೋಗ್ಯವಿಮೆ ಕಾರ್ಡು ಅಲ್ಲಿ ನಡೆಯುವುದಿಲ್ಲ. ಡಾಕ್ಟರು ಒಂದು ದಾರಿ ತೋರಿಸಿದರು. ಇಂಥ ಅಪರೂಪದ ಕಾಯಿಲೆಗಳಿಗಾಗಿ ಬೇರೆ ಬೇರೆ ಪಕ್ಷದ ಜನಪ್ರತಿನಿಧಿಗಳು ಜಗಳ ಬದಿಗಿಟ್ಟು ಒಟ್ಟಾಗಿ ಮಾತಾಡಲು ಶುರುಮಾಡಿದ್ದಾರೆ. ಔಷಧಿ ದೆಹಲಿಯಿಂದ ಬರಬೇಕು, ವಾರ್ಡು ರಾಜ್ಯ ಕೊಡಬೇಕು. ಒಬ್ಬರೇ ಕೇಳಿದರೆ ಇನ್ನೊಬ್ಬರು ಅದನ್ನು ರಾಜಕೀಯ ಅನ್ನುತ್ತಾರೆ. ನಿಮ್ಮ ಎಮ್ಮೆಲ್ಲೆ, ಎಂಪಿ ಇಬ್ಬರೂ ಬಂದು ಮಗುವನ್ನು ನೋಡಲಿ, ಘಾಟಿಯ ಕೆಳಗಿನ ಸರ್ಕಾರಿ ಆಸ್ಪತ್ರೆಯಲ್ಲೇ ಡ್ರಿಪ್ ಕೊಡಿಸಿ ಎಂದು ಇಬ್ಬರೂ ಸೇರಿ ಕೇಳಲಿ.

ಎಮ್ಮೆಲ್ಲೆ ಭಾವನ ಪಕ್ಷದವರು, ಕೇಳಿದ ದಿನವೇ ಒಪ್ಪಿದರು. ಎಂಪಿ ನನ್ನ ಪಕ್ಷದವರು.

ಅಕ್ಕ ಬಂದಳು. ಅಷ್ಟು ವರ್ಷದ ಮೇಲೆ ನನ್ನ ಬಾಗಿಲಿಗೆ ಬಂದು, ಜಗಲಿಯ ಕೆಳಗೇ ನಿಂತಳು.

“ಒಳಿಕ್ಕೆ ಬಾ ಅಕ್ಕ.”

“ಬರಾಕಿಲ್ಲ. ನಿಮ್ ಬಾವ ಬ್ಯಾಡ ಅಂದ್ರು, ಆದ್ರೂ ಬಂದೀನಿ. ಎಂಪಿಗೆ ಒಂದ್ ಮಾತು ಯೋಳ್ಲಾ. ನೀ ಯೋಳುದ್ರೆ ಬತ್ತಾರೆ.”

“ಯೋಳ್ತೀನಿ ಬುಡು” ಅಂದೆ.

ಹೇಳಲಿಲ್ಲ. ಅಕ್ಕ ಕೇಳಿದಾಗ ದೆಹಲಿಯಲ್ಲಿ ಅಧಿವೇಶನ ಅಂದೆ. ಆಮೇಲೆ ಎಂಪಿಗೆ ಮಂಡಿನೋವು ಅಂದೆ. ರಾಗಿ ಬಿತ್ತುವಾಗ ಶುರುವಾದ ಸುಳ್ಳು, ತೆನೆ ಕಟ್ಟಿ ಕೊಯ್ಲಾಗುವವರೆಗೆ ನಡೆಯಿತು. ಆ ನಡುವೆ ಎಂಪಿಯನ್ನು ನಾನು ಕಾಣದೆ ಇರಲಿಲ್ಲ. ಆನೆ ಕಂದಕದ ವಿಷಯ ಮಾತಾಡಿದೆ, ರಸ್ತೆಯ ವಿಷಯ ಮಾತಾಡಿದೆ. ಮಗುವಿನ ಮಾತು ನಾಲಿಗೆಗೆ ಬಂದಾಗ ನುಂಗಿಕೊಂಡೆ. ನುಂಗಿದ್ದು ಸಿಹಿಯಾಗಿತ್ತು. ಅಕ್ಕನಲ್ಲ, ಭಾವ ಬರಬೇಕು. ತಟ್ಟೆ ಹಿಡಿದು ನಾನು ನಿಂತ ಹಾಗೆ ಅವನು ನನ್ನ ಅಂಗಳದಲ್ಲಿ ನಿಲ್ಲಬೇಕು. ಅದಕ್ಕೇ ಕಾದಿದ್ದೆ.

ಬಂದ. ಪಕ್ಷದ ಪಂಚೆ ಇಲ್ಲ, ಹೊಲಕ್ಕೆ ಉಡುವ ಲುಂಗಿ.

“ಬಾಮೈದ, ಬಂದೀನಿ ನೋಡ್ಕೊ. ಸಾಕಾ?”

“ಕೂತ್ಕೊ ಬಾವ, ಟೀ ಕುಡ್ಕೊಂಡು ಓಗು.”

“ಟೀ ನಮ್ಮನೇಲೂ ಅದೆ. ಕೂಸ್ನ ಬೆರ್ಳು ದಿನಾ ಬಗ್ತಾ ಅದೆ ಕಣ್ಲಾ. ಯೋಳ್ದಾ ಇಲ್ವಾ?”

“ಯೋಳೀನಿ, ಯೋಳೀನಿ.”

ಅವನು ತಲೆತಗ್ಗಿಸಿ ಹೋಗುವುದನ್ನು ಕಣ್ತುಂಬ ನೋಡಿದೆ. ಅಲ್ಲಿಗಾದರೂ ಮುಗಿಸಬೇಕಿತ್ತು. ಆದರೆ ಅವತ್ತು ತಟ್ಟೆ ತಿರುಗಿಸಿದ್ದನ್ನು ಹಿರಿಯರೆಲ್ಲ ನೋಡಿದ್ದರು, ಇದನ್ನು ನೋಡಿದವರು ಯಾರೂ ಇಲ್ಲವಲ್ಲ ಅನ್ನಿಸಿತು. ಇನ್ನೊಂದು ಸಲ ಬರಲಿ, ನಾಲ್ಕು ಜನ ಇದ್ದಾಗ ಬರಲಿ ಎಂದು ಸುಮ್ಮನಾದೆ.

ನಾನು ಕಟ್ಟಿದ ಒಡ್ಡು ಒಡೆದದ್ದು ಸತ್ಯಮಂಗಲದ ಒಂದು ಮದುವೆಯೂಟದಲ್ಲಿ. ಎಮ್ಮೆಲ್ಲೆ ಮತ್ತು ಎಂಪಿ ಪಕ್ಕಪಕ್ಕದ ಎಲೆಗೆ ಕೂತಿದ್ದರಂತೆ. “ಬೆಟ್ಟದ ಮಗುವನ್ನು ನೋಡಲು ಯಾವಾಗ ಬರುತ್ತೀರಿ ಅಣ್ಣಾ?” ಎಂದು ಎಮ್ಮೆಲ್ಲೆ ಕೇಳಿದರೆ, “ಯಾವ ಮಗು?” ಎಂದರಂತೆ ಎಂಪಿ. ಸಂಜೆಯೇ ಎಂಪಿ ನನಗೆ ಫೋನು ಮಾಡಿದರು. ಬೈಯಲಿಲ್ಲ. ಬರುವ ದಿನ ಹೇಳಿ ಇಟ್ಟುಬಿಟ್ಟರು.

ಬಂದರು, ಒಂದೇ ಕಾರಿನಲ್ಲಿ. ರಸ್ತೆಯ ಆ ಬದಿ ಅವರ ಬಾವುಟ, ಈ ಬದಿ ನಮ್ಮ ಬಾವುಟ. ಯಾರಿಗೆ ಜೈ ಅನ್ನಬೇಕೋ ತಿಳಿಯದೆ ಎರಡೂ ಕಡೆಯವರು ಬಾಯಿ ಮುಚ್ಚಿಕೊಂಡು ನಿಂತರು. ಯಾರ ಹೆಸರಲ್ಲಿ ನಾವು ಬಲ್ಬು ಒಡೆದುಕೊಂಡಿದ್ದೆವೋ ಆ ಇಬ್ಬರು ಅಕ್ಕನ ಪಡಸಾಲೆಯಲ್ಲಿ ಚಾಪೆಯ ಮೇಲೆ ಕೂತು ಅವರೆಕಾಳಿನ ಸಾರು ಸುರಿದುಕೊಂಡು ಉಂಡರು. “ನೀವು ದೆಹಲಿಯಲ್ಲಿ ಎದ್ದು ನಿಲ್ಲಿ, ನಾನು ಚೆನ್ನೈನಲ್ಲಿ ಎದ್ದು ನಿಲ್ಲುತ್ತೇನೆ” ಎಂದು ಒಬ್ಬರು, “ನಮ್ಮಲ್ಲಿ ಯಾರು ಮೊದಲು ಗದ್ದಲದಲ್ಲಿ ಸಭೆಯಿಂದ ಹೊರಗೆ ಬೀಳುತ್ತಾರೋ ನೋಡೋಣ” ಎಂದು ಇನ್ನೊಬ್ಬರು. ನಕ್ಕರು. ಮಗು ಅವರ ನಡುವೆ ಕೂತು ಇಬ್ಬರ ಕೈಗಡಿಯಾರವನ್ನೂ ನೋಡುತ್ತಿತ್ತು. ನಾನು ಹೊಸ್ತಿಲ ಆಚೆಗಿದ್ದೆ.

ಎಂಪಿ ಮಗುವಿನ ಕೈ ಹಿಡಿದು ನೋಡಿ, ಭಾವನಿಗೆ ಕೇಳಿದರು. “ಇಷ್ಟು ಆಗುವವರೆಗೆ ನನಗೆ ಯಾಕೆ ತಿಳಿಸಲಿಲ್ಲ?”

ಪಡಸಾಲೆ ತುಂಬ ಜನ. ಎಲ್ಲರೂ ನನ್ನ ಕಡೆ ತಿರುಗಿದರು. ಭಾವನೂ ತಿರುಗಿದ. ಒಂದು ಮಾತು ಸಾಕಿತ್ತು ಅವನಿಗೆ.

“ತಿಳಿಸಿದವನು ನನ್ನ ಬಾಮೈದನೇ ಸ್ವಾಮಿ” ಎಂದ, ಎಲ್ಲರಿಗೂ ಕೇಳುವ ಹಾಗೆ, ತಮಿಳಿನಲ್ಲಿ. “ನೀವಿಬ್ಬರೂ ಒಟ್ಟಿಗೆ ಬಂದಿದ್ದೀರಿ ಅಂದರೆ ಅದು ಅವನಿಂದ. ನಡುವೆ ಯಾರೋ ತಡಮಾಡಿರಬೇಕು.” ಎಂಪಿಗೆಂದು ತಂದಿದ್ದ ಶಾಲುಗಳಲ್ಲಿ ಒಂದನ್ನು ತೆಗೆದು ನನ್ನ ಹೆಗಲಿಗೆ ಹೊದಿಸಿದ. ಜನ ಚಪ್ಪಾಳೆ ತಟ್ಟಿದರು. ಎಂಪಿ ನನ್ನನ್ನೇ ನೋಡುತ್ತಿದ್ದರು.

ಕಾರು ಹೋದ ಮೇಲೆ ದನದ ಕೊಟ್ಟಿಗೆಯ ಹತ್ತಿರ ಭಾವ ನನ್ನನ್ನು ತಡೆದ.

“ಒಳ್ಳೇವ್ನು ಮಾಡ್ದೆ ನಿನ್ನ, ಗೊತ್ತಾಯ್ತಾ? ಔಸ್ತಿ ಬರಗಂಟ ನೀನು ಒಳ್ಳೇವ್ನೇ. ನಿನ್ ಮಾನ ತಗುದ್ರೆ ನಿಮ್ ಎಂಪಿ ಮುನಿಸ್ಕಂಡಾನು ಅಂತ ತಡ್ಕಂಡೆ. ಔಸ್ತಿ ಬಂದ್ ಮ್ಯಾಕೂ ನಾನ್ ಬಾಯ್ ಬುಡಾಕಿಲ್ಲ. ಊರೋರು ಒಗಳ್ತಾರೆ, ಕೇಳ್ಕಂಡಿರು. ಒಡುದ್ರೆ ಒಂದಿನ ನೋಯ್ತದೆ ಕಣ್ಲಾ.”

ಅವನ ಸೇಡು ನನ್ನದಕ್ಕಿಂತ ನುರಿತದ್ದು. ಔಷಧಿ ಬಂತು. ಘಾಟಿಯ ಕೆಳಗಿನ ಆಸ್ಪತ್ರೆಯಲ್ಲಿ ಅಂಥ ಮಕ್ಕಳಿಗೆಂದೇ ಒಂದು ಕೋಣೆ ಆಯಿತು. ಬೇರೆ ತಾಲ್ಲೂಕಿನ ಮಕ್ಕಳೂ ಬರುತ್ತಾರೆ. ನಾನು ಎಲ್ಲಿ ಹೋದರೂ ಹೊಗಳಿಕೆ. ಟೀ ಅಂಗಡಿಯವನು ಕಾಸು ತೆಗೆದುಕೊಳ್ಳದೆ ಹೋದ ದಿನ ನನಗೆ ತಡೆಯಲಾಗಲಿಲ್ಲ. ನೆಟ್ಟಗೆ ಅಕ್ಕನ ಮನೆಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ.

ಅಕ್ಕ ರಾಗಿ ಕೇರುತ್ತಿದ್ದಳು. ಮೊರ ನಿಲ್ಲಿಸಲಿಲ್ಲ.

“ಗೊತ್ತು. ಬಸ್ಸತ್ತಿ ಎಂಪಿ ಆಪೀಸ್ಗೆ ನಾನೇ ಓಗ್ಬೋದಾಗಿತ್ತು. ಒಡುಟ್ಟಿದ ತಮ್ಮ ಅವ್ನೆ ಅಲ್ವಾ ಅಂತ ಕೂತೆ. ಕಾಲಿಗ್ ಬೀಳ್ಬ್ಯಾಡ, ಏಳು. ಕೂಸ್ನ ಅವ್ವ ಓಡಾಡಿ ಸೋತವ್ಳೆ. ಇನ್ ಮ್ಯಾಕೆ ವಾರ ವಾರ ನೀನ್ ಕರ್ಕಂಡೋಗು. ಸೂಜಿ ಚುಚ್ಚೋವಾಗ ಅದು ಕಿರುಚ್ತದೆ. ನೀನೇ ಇಡ್ಕೊ.”

ಅಂದಿನಿಂದ ನಾನೇ ಕರೆದೊಯ್ಯುತ್ತೇನೆ. ಭಾವನ ಮೇಲಿನ ಕೋಪ ಹೋಗಿದೆ ಅಂದರೆ ಮತ್ತೊಂದು ಸುಳ್ಳಾಗುತ್ತದೆ. ಅವನಿಗೆ ಮಾಡಿದ್ದಕ್ಕೆ ಈಗಲೂ ನನಗೆ ಪಶ್ಚಾತ್ತಾಪವಿಲ್ಲ. ಮಗುವಿಗೆ ಮಾಡಿದ್ದಕ್ಕೆ ಇದೆ. ಎರಡನ್ನೂ ಬೇರೆ ಮಾಡಲು ಬರುವುದಿಲ್ಲ ಎಂಬುದೇ ನನ್ನ ಶಿಕ್ಷೆಯೇನೋ.

ಮೊದಮೊದಲು ಬಸ್ಸಿನಲ್ಲಿ ಕಿಟಕಿಯ ಪಕ್ಕ ನಾನೇ ಕೂರುತ್ತಿದ್ದೆ. ಹಾಸನೂರು ದಾಟಿ ಘಾಟಿಯ ತಿರುವು ಶುರುವಾದರೆ ನನಗೆ ಹೊಟ್ಟೆ ತೊಳಸುತ್ತದೆ. ಒಂದು ದಿನ ಮಗು ಕೇಳಿತು:

“ತಾತ, ನಿಂಗೆ ಬ್ಯಾರೆ ಗೇಯ್ಮೆ ಇಲ್ವಾ? ವಾರ ವಾರ ಯಾಕ್ ಬತ್ತೀಯ?”

ಅದಕ್ಕೆ ತಿಳಿಯುವ ಮಾತಿನಲ್ಲಿ ಹೇಳಿದೆ. ನಿನ್ನ ಔಷಧಿ ಮೊದಲೇ ಬರಬಹುದಿತ್ತು. ತರಿಸುವವರಿಗೆ ನಾನು ಹೇಳಲಿಲ್ಲ. ನಿಮ್ಮ ತಾತನ ಮೇಲೆ ಸಿಟ್ಟಿತ್ತು.

ಮಗು ನನ್ನ ತೋಳನ್ನು ತಳ್ಳಿತು.

“ಏಳು” ಎಂದಿತು. “ಕಿಟಕಿ ನಂಗೆ.”

ಎದ್ದು ಜಾಗ ಬಿಟ್ಟೆ. ಕಳೆದ ವಾರ ಇಳಿಯುವಾಗ ನನಗೆ ತಡೆಯಲಾಗದಷ್ಟು ತಲೆ ಸುತ್ತಿತು. ಸ್ವಲ್ಪ ಹೊತ್ತು ಕಿಟಕಿ ಕೊಡವ್ವ ಎಂದು ಬೇಡಿದೆ. ತಲೆಯಾಡಿಸಿ ಇಲ್ಲವೆಂದಿತು.

“ಮತ್ತ್ಯಾವಾಗ ಬುಟ್ಕೊಡ್ತೀಯ?”

“ನನ್ ಬೆರ್ಳು ನೆಟ್ಟಗಾದ್ ಮ್ಯಾಕೆ” ಎಂದು ಮಗು ಕಿಟಕಿಯ ಸರಳಿಗೆ ಕೈ ಆನಿಸಿ ಕಾಡಿನ ಕಡೆ ತಿರುಗಿತು. ನಾನು ಕಂಡಕ್ಟರ್ ಕೊಟ್ಟ ಪ್ಲಾಸ್ಟಿಕ್ ಕವರನ್ನು ಬಾಯಿಗೆ ಹಿಡಿದುಕೊಂಡು ಕೂತೆ.