ಕೊಡೆ ಮೇಡಂ ಮತ್ತು ವೇದಿಕೆಯ ಗಣ್ಯರು

ಕಾಲೇಜಿನಲ್ಲಿ ಭಾಷಣ ಕಲಿಸುವ ಕೆಲಸ ರಸಾಯನಶಾಸ್ತ್ರದ ಮೇಡಂ ಕೊರಳಿಗೆ ಬಿದ್ದದ್ದು, ಉಳಿದವರೆಲ್ಲ ನಯವಾಗಿ ಜಾರಿಕೊಂಡಿದ್ದರಿಂದ. ನನಗೂ ಭಾಷಣಕ್ಕೂ ಏನು ಸಂಬಂಧ ಎಂದು ಅವರು ಕೇಳಿದಾಗ ಪ್ರಿನ್ಸಿಪಾಲರು, "ನಿಮ್ಮ ದನಿ ಲ್ಯಾಬ್‌ನಿಂದ ಆಫೀಸಿನ ತನಕ ಕೇಳುತ್ತಲ್ಲ ಮೇಡಂ, ಇನ್ನೇನು ಬೇಕು?" ಎಂದುಬಿಟ್ಟರು.

ಆ ದನಿ ಅಜ್ಜಿ ಕೊಟ್ಟ ಆಸ್ತಿ. ಅಜ್ಜಿಗೆ ಕಿವಿ ಮಂದ. ತಾಳ್ಮೆ ಅದಕ್ಕಿಂತಲೂ ಕಡಿಮೆ. ಮೊದಲ ಮಾತಿನಲ್ಲೇ ವಿಷಯವನ್ನು ಗಟ್ಟಿಯಾಗಿ ಹೇಳದಿದ್ದರೆ, ಎರಡನೆಯ ಮಾತು ಕೇಳಲು ಆಕೆ ಅಲ್ಲಿರುತ್ತಿರಲಿಲ್ಲ. ಹೊಟ್ಟೆ ಹಸಿದರೆ "ಹಸಿವು" ಎಂದೇ ಶುರು ಮಾಡಬೇಕಿತ್ತು.

ಮೇಡಂ ಕಲಿಸುತ್ತಿದ್ದದ್ದೂ ಇಷ್ಟನ್ನೇ. ಕೊನೆಯ ಬೆಂಚಿನಲ್ಲಿ ಮಡಿಸಿದ ಕೊಡೆ ಹಿಡಿದು ಕೂರುತ್ತಿದ್ದರು. ದನಿ ಅಲ್ಲಿಗೆ ಮುಟ್ಟದಿದ್ದರೆ ಅಥವಾ ವಿಷಯ ಇನ್ನೂ ಬಾರದಿದ್ದರೆ ಕೊಡೆ ಮೇಲೇಳುತ್ತಿತ್ತು. ಕೊಡೆ ಎದ್ದರೆ ಮತ್ತೆ ಮೊದಲಿಂದ. ಹುಡುಗರು ಅವರಿಗೆ 'ಕೊಡೆ ಮೇಡಂ' ಎಂದು ಹೆಸರಿಟ್ಟಿದ್ದರು.

ಆದರೆ ಗೋರ್ಕಲ್ಲ ಮೇಲೆ ಎಷ್ಟು ಮಳೆ ಸುರಿದರೇನು? ಎದ್ದು ನಿಂತ ಪ್ರತಿಯೊಬ್ಬರೂ "ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯರೇ" ಎಂದೇ ಶುರು ಮಾಡುತ್ತಿದ್ದರು.

"ಎಲ್ಲಪ್ಪಾ ವೇದಿಕೆ? ಎಲ್ಲಿ ಗಣ್ಯರು? ಇಲ್ಲಿರೋದು ಕಪ್ಪು ಹಲಗೆ, ಕಸದ ಬುಟ್ಟಿ!"

"ಅಭ್ಯಾಸ ಆಗ್ಲಿ ಅಂತ ಮೇಡಂ."

ಅವರಲ್ಲಿ ಒಬ್ಬನಂತೂ ಗಣ್ಯರನ್ನು ದಾಟಿ ಮುಂದೆ ಹೋದವನೇ ಅಲ್ಲ. ಗುರುವೃಂದ, ಪೋಷಕರು, ಸಹಪಾಠಿಗಳು, ನೆರೆದಿರುವ ಸಮಸ್ತರು ಎಲ್ಲರಿಗೂ ವಂದಿಸುವಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು. ಅವನ ಅಡ್ಡಹೆಸರೇ 'ಗಣ್ಯ'. ಮೂಗಿಗಿಂತ ಮೂಗುತಿ ಭಾರ ಎಂದು ಮೇಡಂ ಎಷ್ಟು ರೇಗಿದರೂ, "ಹೂಂ ಮೇಡಂ" ಎಂದು ತಲೆಯಾಡಿಸಿ ಮರುದಿನ ಮತ್ತೆ ಗಣ್ಯರ ಕಾಲಿಗೇ ಬೀಳುತ್ತಿದ್ದ.

ಅಷ್ಟರಲ್ಲಿ ಕಾಲೇಜಿನ ಓದುವ ಕೋಣೆಯನ್ನು ಇನ್ನು ಮೇಲೆ ರಾತ್ರಿ ಎಂಟರ ಬದಲು ಸಂಜೆ ಐದಕ್ಕೇ ಮುಚ್ಚಲು ಆಡಳಿತ ಮಂಡಳಿ ಯೋಚಿಸಿತು. ವಿದ್ಯಾರ್ಥಿಗಳ ಪರವಾಗಿ ಒಬ್ಬರು ಬಂದು ಎರಡು ಮಾತು ಹೇಳಬಹುದು ಎಂದು ನೋಟಿಸು ಬಂತು. ಸಂಜೆ ಅಲ್ಲಿ ಬೇರೂರಿ ಕೂರುವವನು ಗಣ್ಯನೇ, ಅವನೇ ಹೋಗಲಿ ಎಂದು ಉಳಿದವರು ಮುಂದೆ ತಳ್ಳಿದರು. ಅವನ ಮನೆಯೆಂದರೆ ಒಂದೇ ಕೋಣೆ. ಅದರಲ್ಲಿ ಅಮ್ಮನ ಹೊಲಿಗೆ ಯಂತ್ರ, ರಾತ್ರಿಯವರೆಗೂ ಅಳತೆ ಕೊಡಲು ಬರುವವರು. ಓದುವ ಕೋಣೆ ಮುಚ್ಚಿದರೆ ಅವನ ಓದೂ ಮುಚ್ಚಿದಂತೆ.

"ನಿನಗೇನು ಬೇಕೋ?" ಖಾಲಿ ತರಗತಿಯಲ್ಲಿ ಅವನನ್ನು ನಿಲ್ಲಿಸಿಕೊಂಡು ಮೇಡಂ ಕೇಳಿದರು.

"ಓದೋ ಕೋಣೆ ಮೇಡಂ."

"ಹಾಗಾದ್ರೆ ಅದನ್ನೇ ಹೇಳು!" ಮೇಡಂ ಕೊಡೆ ಎತ್ತಿದರು.

"ಒಂದೇ ಏಟಿಗೆ ಹೇಗೆ ಮೇಡಂ? ಕೈ ಚಾಚಿದ ಹಾಗೆ ಆಗಲ್ವಾ?"

ಮೇಡಂ ಕೊಡೆ ಇಳಿಸಿದರು. ಇಷ್ಟು ದಿನ ಅವನದು ಬರೀ ಬಾಯಿಪಾಠ ಎಂದುಕೊಂಡಿದ್ದರು. ಇವನು ಗಣ್ಯರ ಸಾಲಿನ ಹಿಂದೆ ಬಚ್ಚಿಟ್ಟುಕೊಳ್ಳುತ್ತಿದ್ದಾನೆ ಎಂಬುದು ಅವರಿಗೆ ಹೊಳೆದಿರಲಿಲ್ಲ.

"ಬೇಕಾದ್ದು ಕೇಳೋದರಲ್ಲಿ ನಾಚಿಕೆ ಏನೋ? ಇನ್ನೊಂದು ಸಲ ಶುರು ಮಾಡು," ಎಂದರು ಮೆತ್ತಗೆ.

"ವೇದಿಕೆಯ ಮೇಲೆ ಆಸೀನರಾಗಿರುವ..."

"ಅಯ್ಯೋ, ನನ್ನ ಕರ್ಮವೇ!"

ಸಭೆಯ ದಿನ ನಿಜವಾಗಿಯೂ ವೇದಿಕೆ ಇತ್ತು, ಅದರ ಮೇಲೆ ನಿಜವಾಗಿಯೂ ಐವರು ಗಣ್ಯರಿದ್ದರು. ಹುಡುಗನಿಗೆ ಸ್ವರ್ಗವೇ ಸಿಕ್ಕಂತಾಗಿರಬೇಕು. ಅಧ್ಯಕ್ಷರಿಗೆ ವಂದಿಸಿದ. ಕಾರ್ಯದರ್ಶಿಗೆ ವಂದಿಸಿದ. ಖಜಾಂಚಿಯ ಕಡೆ ತಿರುಗಿದ. ಒಬ್ಬ ಸದಸ್ಯರು ಆಗಲೇ ಆಕಳಿಸುತ್ತಿದ್ದರು. ಕೊನೆಯ ಸಾಲಿನಲ್ಲಿದ್ದ ಮೇಡಂ ಹಲ್ಲು ಕಚ್ಚಿಕೊಂಡು ಕೊಡೆ ಎತ್ತಿದರು.

ಹುಡುಗ ಅದನ್ನು ನೋಡಿ ವಂದನೆಯನ್ನು ಅರ್ಧಕ್ಕೇ ಬಿಟ್ಟ. ಆಮೇಲೆ ಅವನು, ತರಗತಿಯಲ್ಲಿ ಒಮ್ಮೆಯೂ ಕೇಳಿಸದಿದ್ದ ದನಿಯಲ್ಲಿ ಹೇಳಿದ:

"ಓದೋ ಕೋಣೆ ಮುಚ್ಚಬೇಡಿ ಸಾರ್. ಮನೇಲಿ ನನಗೆ ಪುಸ್ತಕ ಬಿಚ್ಚೋಕೂ ಜಾಗ ಇಲ್ಲ."

ನೇರ ಬಂದು ಮೇಡಂ ಪಕ್ಕದಲ್ಲಿ ಕುಳಿತ.

"ಅಷ್ಟೇನಾ?" ಅಧ್ಯಕ್ಷರು ಕನ್ನಡಕ ಸರಿಮಾಡಿಕೊಂಡರು.

"ಅಷ್ಟೇ ಸಾರ್."

ಅಧ್ಯಕ್ಷರು ಕಾರ್ಯದರ್ಶಿಯತ್ತ ಬಾಗಿದರು. "ಅಲ್ರೀ, ಅದನ್ನ ಯಾಕೆ ಮುಚ್ತಿದೀವಿ?"

"ಬೀಗ ಹಾಕೋಕೆ ಯಾರೂ ನಿಲ್ಲಲ್ಲ ಸಾರ್."

"ಮೇಡಂ, ಹುಡುಗ ನಿಮ್ಮವನು ತಾನೆ? ನೀವು ನಿಲ್ತೀರಾ?"

ಸಭೆಯೆಲ್ಲ ಹಿಂದಕ್ಕೆ ತಿರುಗಿತು. ಇಷ್ಟು ವರ್ಷ ಕಲಿಸಿದ ಮೇಡಂ ಕೊಡೆಯನ್ನು ಕುರ್ಚಿಯ ಮೇಲಿಟ್ಟು ಎದ್ದು ನಿಂತು, ಗಂಟಲು ಸರಿಮಾಡಿಕೊಂಡು ಬಾಯಿ ತೆರೆದರು.

"ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲೆ ಆಸೀನರಾಗಿರುವ..."

ಪಕ್ಕದಲ್ಲೇನೋ ಅಲ್ಲಾಡಿತು. ಗಣ್ಯ ಕೊಡೆ ಎತ್ತಿ ಹಿಡಿದಿದ್ದ. ಮುಖದಲ್ಲಿ ಒಂದಿಷ್ಟೂ ನಗು ಇಲ್ಲ. ಕಲಿಸಿದ್ದನ್ನು ಶ್ರದ್ಧೆಯಿಂದ ಮಾಡುತ್ತಿದ್ದ.

ಮೇಡಂ ಅವನನ್ನು ದುರುಗುಟ್ಟಿ ನೋಡಿದರು. "ನಿಲ್ತೀನಿ ಸಾರ್," ಎಂದು ಧೊಪ್ಪನೆ ಕುಳಿತರು.

ಮನೆಗೆ ಬಂದು ಬೀಗದ ಕೈಯನ್ನು ಮೇಜಿನ ಮೇಲೆ ಎಸೆದಾಗ ಗಂಡ ಅದನ್ನು ತಿರುಗಿಸಿ ನೋಡಿದರು. "ಇರಲಾರದೆ ಇರುವೆ ಬಿಟ್ಕೊಳ್ಳೋದು ಅಂದ್ರೆ ಇದೇ ಕಣೇ. ಮಾತು ಕಲಿಸೋಕೆ ಹೋದವಳು ಬೀಗದ ಕೈ ತಂದಿದ್ದೀಯ!"

"ನೀವು ಸುಮ್ನಿರಿ," ಎಂದರು ಮೇಡಂ.

ಈಗ ದಿನಾ ರಾತ್ರಿ ಎಂಟಕ್ಕೆ ಓದುವ ಕೋಣೆಯ ಬಾಗಿಲಲ್ಲಿ ಅವರು ಬೀಗ ಹಿಡಿದು ನಿಲ್ಲುತ್ತಾರೆ. ಒಳಗೆ ಉಳಿದಿರುವುದು ಒಬ್ಬನೇ.

"ಏಳಪ್ಪಾ, ನನಗೂ ಮನೆ ಇದೆ."

ಹುಡುಗ ಪುಸ್ತಕದಿಂದ ತಲೆ ಎತ್ತದೆ ಹೇಳುತ್ತಾನೆ: "ಇನ್ನೊಂದೇ ಪುಟ ಮೇಡಂ."

ನೇರವಾಗಿ, ಗಟ್ಟಿಯಾಗಿ, ಮೊದಲ ಮಾತಿನಲ್ಲೇ. ತಾವೇ ಕಲಿಸಿದ್ದು, ಬೈಯುವುದಾದರೂ ಹೇಗೆ? ಗೊಣಗುತ್ತಾ ಕುರ್ಚಿ ಎಳೆದುಕೊಂಡು ಕೂರುತ್ತಾರೆ.