ಸುಡದೆ ಉಳಿದ ಹುಲ್ಲಿನ ಮನೆ

ಖಗೇಶ್ವರ ಹಾಜರಿಕಾ ಕಟ್ಟಿದ ಮನೆಗಳಲ್ಲಿ ಒಂದೂ ಉಳಿದಿರಲಿಲ್ಲ. ತನ್ನ ವಾಸಕ್ಕೆಂದು ಕಟ್ಟಿಕೊಂಡ ನಾಲ್ಕನ್ನು ಲುಯಿತ್ ನದಿ ಒಯ್ದಿತ್ತು. ಊರಿಗಾಗಿ ಕಟ್ಟಿದ ಇಪ್ಪತ್ತೇಳನ್ನು ಊರೇ ಸುಟ್ಟಿತ್ತು. ನದಿ ಒಯ್ದಾಗಲೆಲ್ಲ ಅವನು ಅತ್ತಿದ್ದ. ಊರು ಸುಟ್ಟಾಗ ಒಮ್ಮೆಯೂ ಅತ್ತವನಲ್ಲ. ಸುಡಲಿಕ್ಕೆಂದೇ ಕಟ್ಟಿದ್ದು, ಸುಟ್ಟರು. ಅದರ ಬೂದಿ ಗದ್ದೆಗೆ ಬಿತ್ತು, ಮುಂದಿನ ಬೆಳೆಯಲ್ಲಿ ಎದ್ದಿತು.

ಮಾಘ ಬಿಹು ಸುಗ್ಗಿಯ ಹಬ್ಬ, ಅದರ ಹಿಂದಿನ ದಿನ ಉರುಕಾ. ಕೊಯ್ಲಾದ ಗದ್ದೆಯಲ್ಲಿ ಬಿದಿರು ಮತ್ತು ಭತ್ತದ ಹುಲ್ಲಿನಿಂದ ಭೇಲಾಘರ ಏಳುತ್ತದೆ. ಆ ಸಂಜೆ ಊರು ಅದರೊಳಗೆ ಕೂತು ಉಣ್ಣುತ್ತದೆ. ಬೆಳಗಾಗುವ ಮೊದಲು ಮಿಂದು ಬಂದು, ಮೇಜಿ ಎಂದು ಕರೆಯುವ ಪಕ್ಕದ ಕಟ್ಟಿಗೆಯ ಗೋಪುರಕ್ಕೂ ಆ ಮನೆಗೂ ಬೆಂಕಿ ಇಡುತ್ತದೆ. ಬೇರೆ ಊರುಗಳಲ್ಲಿ ಅದು ಬರೀ ಗುಡಿಸಲು. ಶಿಮಲುಚಾಪೊರಿ ನಡುಗಡ್ಡೆಯಲ್ಲಿ ಮಾತ್ರ ಅದಕ್ಕೆ ಕಣ್ಣು, ಮೂಗು, ಬಾಲ. ಖಗೇಶ್ವರ ಮೀನುಬುಟ್ಟಿ ಹೆಣೆಯುವವನ ಮಗ. ಬಿದಿರಿನ ಸೀಳನ್ನು ಕಂಡರೆ ಅವನ ಕೈ ಅದನ್ನು ಯಾವುದೋ ಪ್ರಾಣಿಯ ಪಕ್ಕೆಲುಬಾಗಿ ಬಾಗಿಸಲು ನೋಡುತ್ತಿತ್ತು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಕಟ್ಟಿದ ಮೊದಲ ಆನೆಗೆ ಹಿಂಗಾಲು ಗಿಡ್ಡವಾಗಿ, ಒಳಗೆ ಉಣ್ಣುತ್ತಿದ್ದವರ ಎಲೆಗಳೆಲ್ಲ ಬಾಲದ ಕಡೆಗೆ ಜಾರಿದ್ದವು. "ಖಗೇನನ ಆನೆ ಹುಟ್ಟಿದಾಗಿಂದ ಕೂತೇ ಇದೆ" ಎಂದು ಊರು ಹತ್ತು ವರ್ಷ ನಕ್ಕಿತು. ಆಮೇಲೆ ಮೊಸಳೆ ಕಟ್ಟಿದ, ಮಂಗಟ್ಟೆ ಹಕ್ಕಿ ಕಟ್ಟಿದ, ಎರಡು ಅಂತಸ್ತಿನ ಸ್ಟೀಮರ್ ಕಟ್ಟಿದ. ಮತ್ತೆ ಯಾರ ಎಲೆಯೂ ಜಾರಲಿಲ್ಲ.

ಅವನ ಹೆಂಡತಿ ಪದುಮಿ ಮಾತ್ರ ಇದನ್ನೆಲ್ಲ ಹೊಗಳಿದವಳಲ್ಲ.

"ಊರಿಗೆ ನೀನು ಕಟ್ಟೋ ಮನೆ ಒಂದು ರಾತ್ರಿಗೆ, ನನಗೆ ಕಟ್ಟೋದು ಒಂದು ಮಳೆಗಾಲಕ್ಕೆ" ಎನ್ನುತ್ತಿದ್ದಳು. "ಲೆಕ್ಕ ಹಾಕಿದ್ರೆ ನಾನೇ ಗೆದ್ದೆ ಬಿಡು. ಆದ್ರೂ ಒಂದ್ಸಲ ಆ ದೊಡ್ಡದರಲ್ಲಿ ಮಲಗ್ಬೇಕು ಕಣಯ್ಯ. ಮೇಲೆ ನೋಡಿದ್ರೆ ಕತ್ತು ನೋಯೋ ಅಷ್ಟು ಎತ್ತರದ ಸೂರು. ಹೆಂಗಿರತ್ತೋ."

"ಹೆಂಗಸರು ಅಲ್ಲಿ ಮಲಗೋ ಪದ್ಧತಿ ಇಲ್ಲ."

"ಪದ್ಧತಿ ಮಾಡಿದೋರು ಅಡುಗೆ ಮಾಡಲ್ಲವಲ್ಲ."

ಕಳೆದ ಭಾದ್ರಪದದ ನೆರೆಯಲ್ಲಿ ಊರು ಒಡ್ಡಿನ ಮೇಲೆ ಹತ್ತಿ ಕೂತಿದ್ದಾಗ ಪದುಮಿಗೆ ಜ್ವರ ಬಂತು. ಆರನೆಯ ದಿನ ಹೋದಳು. ಒಡ್ಡಿನ ಮೇಲೆ ಮನುಷ್ಯರು, ದನ, ಬಾತುಕೋಳಿ ಒತ್ತಿಕೊಂಡು ಕೂತಿದ್ದರು. ಚಿತೆ ಒಟ್ಟುವಷ್ಟು ನೆಲವಿರಲಿಲ್ಲ, ಇದ್ದ ಕಟ್ಟಿಗೆಯಲ್ಲಿ ಒಣಗಿದ ಒಂದು ತುಂಡೂ ಇರಲಿಲ್ಲ. ಬಾಳೆದಿಂಡಿನ ತೆಪ್ಪ ಮಾಡಿ ಅವಳನ್ನು ನದಿಗೆ ಕೊಟ್ಟರು. ತೆಪ್ಪ ಕೆಂಪು ನೀರಿನಲ್ಲಿ ದೂರವಾಗುತ್ತಿದ್ದಾಗ ಅದರ ಪಕ್ಕದಲ್ಲಿ ಒಂದು ಶಿಹು, ನದಿಯ ಡಾಲ್ಫಿನ್, ಬೆನ್ನೆತ್ತಿ ಉಸಿರು ಬಿಟ್ಟು ಮುಳುಗಿತು. ಖಗೇಶ್ವರ ಅದನ್ನು ನೋಡಿದ. ಅವನ ಭುಜ ಹಿಡಿದು ನಿಂತಿದ್ದ ಮಹೀಧರ ಸೈಕಿಯಾನೂ ನೋಡಿದ.

ಶ್ರಾದ್ಧ ಮುಗಿದ ಮೇಲೆ ಪುರೋಹಿತರು ಹೇಳಿದರು: "ಅವಳಿಗೆ ಬೆಂಕಿ ಬಾಕಿ ಉಳೀತು. ವರ್ಷದೊಳಗೆ ದರ್ಭೆಯಲ್ಲಿ ಅವಳ ಆಕೃತಿ ಕಟ್ಟಿ ಸುಡು. ಇಲ್ಲದಿದ್ರೆ ಅವಳು ನೀರಲ್ಲೇ ಇರ್ತಾಳೆ." ಸುಡುವಾಗ ಹೇಳಬೇಕಾದ ಎರಡು ಸಾಲನ್ನು ಬಾಯಿಪಾಠ ಮಾಡಿಸಿದರು.

ಪುಷ್ಯದಲ್ಲಿ ನೀರಿಳಿದು ಗದ್ದೆ ಬಿಳಿಚಿಕೊಂಡಾಗ ಖಗೇಶ್ವರ ಬಿದಿರು ಕಡಿಯಲು ಹೋದ. ಜತೆಗೆ ಮಹೀಧರ. ಅವನು ಭೇಲಾಘರ ಸಮಿತಿಯ ಅಧ್ಯಕ್ಷ, ಖಗೇಶ್ವರನಿಗಿಂತ ಮೂರು ವರ್ಷ ದೊಡ್ಡವನು. ರಕ್ತಸಂಬಂಧವಿಲ್ಲದಿದ್ದರೂ ಚಿಕ್ಕಂದಿನಿಂದ ಅವನು ಕಕಾಯ್, ಅಣ್ಣ; ಖಗೇಶ್ವರ ಭಾಯ್ಟಿ, ತಮ್ಮ. ಬಿದಿರ ಮೆಳೆಯಲ್ಲಿ ಬೀಡಿ ಹಚ್ಚಿಕೊಂಡು ಕೂತಾಗ ಖಗೇಶ್ವರ ಮನಸ್ಸಿನಲ್ಲಿದ್ದದ್ದನ್ನು ಹೇಳಿದ.

"ಕಕಾಯ್, ಈ ಸಲ ಶಿಹು ಕಟ್ತೀನಿ. ಅದರ ತಲೆಯೊಳಗೆ ಪದುಮಿಯ ಆಕೃತಿ ಇಡ್ತೀನಿ. ಒಂದು ರಾತ್ರಿ ಅವಳು ಅಲ್ಲಿರಲಿ. ಬೆಳಿಗ್ಗೆ ಊರಿಗೂರೇ ಬೆಂಕಿ ಕೊಡ್ತದಲ್ಲ, ಅದು ಅವಳಿಗೂ ಆಗ್ತದೆ."

ಮಹೀಧರ ಮೆಳೆಯಾಚೆ ಯಾರಾದರೂ ಇದ್ದಾರೆಯೇ ಎಂದು ನೋಡಿದ. "ಊಟದ ಮನೆ ಅದು, ಭಾಯ್ಟಿ. ಗೊತ್ತಾದ್ರೆ ಯಾರೂ ಎಲೆ ಮುಂದೆ ಕೂರಲ್ಲ."

"ಗೊತ್ತು. ಅದಕ್ಕೇ ನಿನಗೊಬ್ಬನಿಗೆ ಹೇಳ್ತಿದೀನಿ. ತಪ್ಪು ಅಂದ್ರೆ ಬೇಡ ಅನ್ನು, ಬಿಡ್ತೀನಿ."

ಮಹೀಧರ ಬೀಡಿಯನ್ನು ಮಣ್ಣಿಗೆ ಒತ್ತಿ ಆರಿಸಿದ. ಅವನ ಕಣ್ಣು ತುಂಬಿತ್ತು. "ನಾನು ಬೇಡ ಅನ್ನಲ್ಲ. ಆ ಶಿಹುವನ್ನ ನಾನೂ ನೋಡಿದೀನಿ" ಎಂದ.

ಮೂರು ವಾರ ಊರ ಹುಡುಗರ ಜತೆ ಖಗೇಶ್ವರ ಕಟ್ಟಿದ. ಐವತ್ತು ಮೊಳ ಉದ್ದದ ಶಿಹು. ತೆರೆದ ಬಾಯಿಯೇ ಬಾಗಿಲು. ಹೊಟ್ಟೆಯಲ್ಲಿ ಎರಡು ಪಂಕ್ತಿಯಾಗಿ ಅರವತ್ತು ಜನ ಕೂರಬಹುದಿತ್ತು. ಅದು ಉಸಿರು ಬಿಡುವ ತೂತಿನ ಜಾಗದಲ್ಲಿ ಗವಾಕ್ಷಿ. ಮಧ್ಯಾಹ್ನದ ಬಿಸಿಲು ಅಲ್ಲಿಂದ ಕೋಲಿನಂತೆ ಇಳಿದು ನೆಲ ಮುಟ್ಟುತ್ತಿತ್ತು. ತಲೆಯ ಮೇಲ್ಭಾಗದಲ್ಲಿ, ಎರಡು ಕಣ್ಣುಗಳ ನಡುವೆ, ಒಂದು ಸಣ್ಣ ಅಟ್ಟ. ಹುಡುಗರು ಕೇಳಿದರೆ "ತಲೆ ನೆಟ್ಟಗೆ ನಿಲ್ಲೋಕೆ" ಎನ್ನುತ್ತಿದ್ದ.

ಉರುಕಾಕ್ಕೆ ಮೂರು ದಿನ ಮುಂಚೆ ಆಕೃತಿ ಇಟ್ಟಾಗ ಏಣಿ ಹಿಡಿದವನು ಮಹೀಧರನೇ. ಪದುಮಿ ಅವನಿಗೆ ತಮ್ಮನ ಹೆಂಡತಿಯ ಲೆಕ್ಕ. ಅಂಥವಳು ಗಂಡನ ಅಣ್ಣನ ಮುಂದೆ ಮುಖ ತೋರಿಸುವಂತಿಲ್ಲ, ಅವನು ಅವಳನ್ನು ಮುಟ್ಟುವಂತಿಲ್ಲ. ಇಪ್ಪತ್ತೈದು ವರ್ಷ ಅವಳು ಬಾಗಿಲ ಮರೆಯಿಂದಲೇ ಅವನಿಗೆ ಅಡಿಕೆ, ವೀಳ್ಯದೆಲೆ ಸರಿಸಿದ್ದಳು. ಅವಳು ಉಡುತ್ತಿದ್ದ ಹಳೆಯ ಮೇಖೇಲಾ ಬಟ್ಟೆಯ ತುಂಡು ಸುತ್ತಿದ ದರ್ಭೆಯ ಆಕೃತಿಯನ್ನು ಮೇಲಕ್ಕೆ ಕೊಡುವಾಗ ಮಹೀಧರ ತನ್ನ ಹೆಗಲವಸ್ತ್ರ ಗಮೋಸಾವನ್ನು ಕೈಗೆ ಸುತ್ತಿಕೊಂಡ, ಮುಖವನ್ನು ಆಚೆ ತಿರುಗಿಸಿಕೊಂಡ. ಅಷ್ಟು ಸಾಕಾಯಿತು ಖಗೇಶ್ವರನಿಗೆ. ಇಂಥ ಅಣ್ಣನನ್ನು ಪಡೆದವನಿಗೆ ಇನ್ನೇನು ಬೇಕು ಎಂದುಕೊಂಡು ಏಣಿ ಇಳಿದ.

ಉರುಕಾದ ಬೆಳಿಗ್ಗೆ ಅವನು ಗದ್ದೆಗೆ ಬಂದಾಗ ದೋಣಿಗಟ್ಟೆಯ ಕಡೆಯಿಂದ ಬಂದ ನಾಲ್ಕು ಜನ ಶಿಹುವಿನ ಬೆನ್ನಿನ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸುತ್ತಿದ್ದರು. ಬಾಯಿಯ ಬಳಿ ಹತ್ತು ಹಾಸಿಗೆಗಳ ಕಟ್ಟು. ಮಹೀಧರ ಪಕ್ಕದಲ್ಲಿ ನಿಂತು ಇಲ್ಲಿ ಕಟ್ಟಿ, ಅಲ್ಲಿ ಕಟ್ಟಿ ಎನ್ನುತ್ತಿದ್ದ.

"ಏನಿದು ಕಕಾಯ್? ಪ್ಲಾಸ್ಟಿಕ್ ಸುಟ್ಟರೆ ವಾಸನೆ ಬರಲ್ವಾ?"

"ಸುಡೋದಾದ್ರೆ ತಾನೇ ವಾಸನೆ" ಎಂದು ಮಹೀಧರ ನಕ್ಕ. ಆಮೇಲೆ ಅವನ ತೋಳು ಹಿಡಿದು ಬದಿಗೆ ಕರೆದೊಯ್ದ. "ನೋಡು, ದೋಣಿಗಟ್ಟೆಯ ಹತ್ತಿರ ಯಾತ್ರಿಕರ ವಸತಿ ನಡೆಸೋರು ಬಂದಿದ್ರು. ನೋಡಿ ಬೆರಗಾಗಿಬಿಟ್ರು. ಇದನ್ನ ವೈಶಾಖದ ತನಕ ಹಾಗೇ ಬಿಡಿ, ನಮ್ಮ ಜನ ಬಂದು ಇದರೊಳಗೆ ತಂಗ್ತಾರೆ ಅಂದ್ರು. ನಾವು ಭಜನೆ ಮಾಡೋ ನಾಮಘರದ ಸೂರಿಗೆ ತಗಡು ಹಾಕಿಸ್ಕೊಡ್ತಾರೆ. ನಿನ್ನ ಹೆಸರು ಬರೆದು ಹಲಗೆ ಬೇರೆ ಹಾಕ್ತಾರೆ. ಮೂವತ್ತು ವರ್ಷ ಕಟ್ಟಿದೀಯ, ಯಾವುದು ಉಳೀತು ಹೇಳು. ಇದೊಂದು ಉಳೀಲಿ."

"ಯಾವಾಗ ಒಪ್ಕೊಂಡೆ?"

"ಹತ್ತು ದಿನ ಆಯ್ತು."

ಅಂದರೆ ಏಣಿ ಹಿಡಿಯುವ ಮೊದಲೇ. ಖಗೇಶ್ವರ ಮನಸ್ಸಿನಲ್ಲಿ ದಿನಗಳನ್ನು ಹಿಂದಕ್ಕೂ ಮುಂದಕ್ಕೂ ಎಣಿಸಿದ. ಪ್ರತಿ ಸಲವೂ ಅಲ್ಲಿಗೇ ಬಂದು ನಿಂತಿತು. ಗಮೋಸಾ ಸುತ್ತಿದ ಆ ಕೈ ಆಗಲೇ ಮಾತು ಕೊಟ್ಟು ಬಂದಿತ್ತು.

"ಪದುಮಿ ಒಳಗಿದ್ದಾಳೆ" ಎಂದ.

"ಮೆತ್ತಗೆ. ಹಬ್ಬ ಕಳೀಲಿ, ನಾನೇ ಇಳಿಸಿಕೊಡ್ತೀನಿ. ಬೇರೆ ಕಡೆ ಸುಟ್ಟರಾಯ್ತು. ಬೆಂಕಿ ಎಲ್ಲಿದ್ದರೂ ಬೆಂಕಿಯೇ. ಮೇಜಿ ಸುಡ್ತೀವಲ್ಲ, ಅಗ್ನಿದೇವರಿಗೇನು ಕಮ್ಮಿ ಆಗಲ್ಲ."

"ಹಾಗಿದ್ರೆ ಅವತ್ತೇ ಹೇಳಬಹುದಿತ್ತು."

"ಹೇಳಿದ್ರೆ ನೀನು ಇಷ್ಟು ಚೆನ್ನಾಗಿ ಕಟ್ತಿದ್ಯಾ?"

ಇದನ್ನು ಮಹೀಧರ ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಹೊಗಳಿಕೆಯೆಂದೇ ಹೇಳಿದ. ಖಗೇಶ್ವರನಿಗೆ ಎಲ್ಲಕ್ಕಿಂತ ಹೆಚ್ಚು ನಾಟಿದ್ದು ಅದೇ.

ಸಂಜೆ ಊರು ಶಿಹುವಿನ ಹೊಟ್ಟೆಯಲ್ಲಿ ಕೂತಿತು. ಪ್ಲಾಸ್ಟಿಕ್ ಮಂಜಿಗೆ, ಹಾಸಿಗೆ ರಾತ್ರಿ ಕಾಯುವವರಿಗೆ ಎಂದು ಮಹೀಧರ ಹೇಳಿದ್ದನ್ನು ಎಲ್ಲರೂ ನಂಬಿದ್ದರು. ಬೂದುಗುಂಬಳ ಹಾಕಿದ ಬಾತುಕೋಳಿ ಸಾರು, ಸುಟ್ಟ ಮೀನು, ಎಳ್ಳು ತುಂಬಿದ ಅಕ್ಕಿಹಿಟ್ಟಿನ ಪಿಠಾ. ಆ ರಾತ್ರಿಯ ವಾಡಿಕೆಯಂತೆ ಯಾರದೋ ಬೇಲಿಯಿಂದ ಕದ್ದು ತಂದ ಕಟ್ಟಿಗೆ ಹೊರಗೆ ಒಲೆಯಲ್ಲಿ ಉರಿಯುತ್ತಿತ್ತು. ಬೇಲಿಯ ಯಜಮಾನನೇ ಎರಡನೆಯ ಸಲ ಬಡಿಸಿಕೊಂಡು "ಕಳ್ಳರ ಅಡುಗೆ ರುಚಿ" ಎಂದು ನಗಿಸುತ್ತಿದ್ದ. ಖಗೇಶ್ವರ ತಲೆಯ ಕಡೆಯ ಕೊನೆಯ ಎಲೆಯ ಮುಂದೆ ಕೂತು ಅನ್ನ ಕಲಸುತ್ತಲೇ ಇದ್ದ. ಪಂಕ್ತಿಯ ಮಧ್ಯದಲ್ಲಿದ್ದ ಮಹೀಧರ ಒಮ್ಮೆಯೂ ಮೇಲೆ ನೋಡಲಿಲ್ಲ, ತಡೆಯಿಲ್ಲದೆ ಉಂಡ. ತಲೆಯ ಮೇಲೆ ಏನಿದೆಯೆಂದು ಗೊತ್ತಿದ್ದ ಇನ್ನೊಬ್ಬನು ಅವನೇ.

ಮಂಜಿನಲ್ಲಿ ಬೆಳಕು ಹರಿಯುವ ಹೊತ್ತಿಗೆ ಎಲ್ಲರೂ ಮಿಂದು, ನಡುಗುತ್ತಾ ಬಂದರು. ಮೇಜಿಗೆ ಬೆಂಕಿ ಬಿತ್ತು. ಬಿದಿರಿನ ಗಂಟುಗಳು ಸಿಡಿದವು. ಖಗೇಶ್ವರ ಒಂದು ಉರಿಯುವ ಕಟ್ಟಿಗೆ ಎತ್ತಿಕೊಂಡು ಶಿಹುವಿನ ಕಡೆ ನಡೆದ. ವಾಡಿಕೆಯಂತೆ ಕಟ್ಟಿದವನೇ ಮೊದಲ ಬೆಂಕಿ ಕೊಡಬೇಕು; ಯಾರಿಗೂ ವಿಚಿತ್ರ ಅನಿಸಲಿಲ್ಲ. ಮಹೀಧರ ಓಡಿಬಂದು ಮಣಿಕಟ್ಟು ಹಿಡಿದ.

"ಮಾತು ಕೊಟ್ಟಿದೀನಿ, ಭಾಯ್ಟಿ. ಮಾನ ಕಳೀಬೇಡ."

"ನನಗೂ ಕೊಟ್ಟಿದ್ದೆ."

ಮಹೀಧರ ಬಾಯನ್ನು ಅವನ ಕಿವಿಗೆ ತಂದ. "ಹೇಳಿಬಿಡಲಾ? ಹೆಣದ ಕೆಳಗೆ ಕೂರಿಸಿ ಊರಿಗೆ ಉಣಿಸಿದ್ದು ಯಾರು ಅಂತ?"

ಖಗೇಶ್ವರ ಅವನನ್ನು ನೋಡಿದ. ಬಿದಿರ ಮೆಳೆಯಲ್ಲಿ ಕಣ್ಣು ತುಂಬಿಕೊಂಡಿದ್ದ ಮುಖವೇ ಅದು. ಕೈಯಲ್ಲಿದ್ದ ಕಟ್ಟಿಗೆಯನ್ನು ಮೇಜಿಗೇ ಹಾಕಿದ. ಆಮೇಲೆ ಜನರ ಕಡೆ ತಿರುಗಿ, ದನಿ ಏರಿಸದೆ, ತಾನೇ ಹೇಳಿದ. ಪದುಮಿಗೆ ಬೆಂಕಿ ಸಿಗದೆ ಹೋದದ್ದು, ಆಕೃತಿ ಕಟ್ಟಿದ್ದು, ಅದನ್ನು ತಲೆಯೊಳಗೆ ಇಟ್ಟದ್ದು, ಈಗಲೂ ಅದು ಅಲ್ಲಿರುವುದು.

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದಂತೆ ಒಬ್ಬೊಬ್ಬರೇ ಹಿಂದಕ್ಕೆ ಸರಿದರು. ಯಾರೋ ಗದ್ದೆಯ ಬದುವಿಗೆ ಹೋಗಿ ಕಾರಿಕೊಂಡರು. ಬೇಲಿಯ ಯಜಮಾನ, "ಥೂ ಖಗೇನ, ನನ್ನ ಮೊಮ್ಮಗಳು ಉಂಡಿದ್ದಾಳಲ್ಲೋ ಅಲ್ಲಿ" ಎಂದ.

ಊರಿಗೆಲ್ಲ ಹಿರಿಯಳಾದ ಭೋಗೇಶ್ವರಿ ಅಜ್ಜಿ ಕೋಲೂರಿ ಮುಂದೆ ಬಂದಳು. "ಒಬ್ಬನೇ ಮಾಡಿದ್ಯೇನೋ ಮಗಾ? ಅಷ್ಟೆತ್ತರಕ್ಕೆ ಏಣಿ ಯಾರು ಹಿಡಿದ್ರು?"

ಖಗೇಶ್ವರ ಉತ್ತರ ಕೊಡುವಷ್ಟರಲ್ಲಿ ಮಹೀಧರ ಮಾತಾಡಿದ. "ನಮಗೇನು ಗೊತ್ತಜ್ಜಿ? ಗೊತ್ತಿದ್ರೆ ನಾನು ನನ್ನ ಹೆಂಡತಿ ಮಕ್ಕಳ ಜತೆ ಅಲ್ಲಿ ಕೂತು ಉಣ್ತಿದ್ನಾ?"

ಅವನು ಉಂಡದ್ದನ್ನು ಎಲ್ಲರೂ ಕಂಡಿದ್ದರು. ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ.

ಖಗೇಶ್ವರ ಶಿಹುವಿನ ಬಾಯಿಯೊಳಗೆ ಹೋಗಿ, ಹಾಸಿಗೆಗಳನ್ನು ದಾಟಿ, ಪಕ್ಕೆಲುಬುಗಳನ್ನೇ ಮೆಟ್ಟಿಲು ಮಾಡಿಕೊಂಡು ಹತ್ತಿ, ಆಕೃತಿಯನ್ನು ಇಳಿಸಿದ. ಎದೆಗೆ ಒತ್ತಿಕೊಂಡು ಹೊರಬಂದಾಗ ಜನ ದಾರಿ ಬಿಟ್ಟರು, ಗೌರವಕ್ಕಲ್ಲ. ಮೇಜಿಯಿಂದ ಒಂದು ಕೆಂಡ ಕೇಳಿದ. ಯಾರೂ ಕೊಡಲಿಲ್ಲ, ಹಬ್ಬದ ಬೆಂಕಿಯನ್ನು ಸಾವಿಗೆ ಕೊಡುವುದಿಲ್ಲ. ನದಿಯ ಮರಳಿಗೆ ಒಬ್ಬನೇ ನಡೆದು, ಜೇಬಿನ ಬೆಂಕಿಪೊಟ್ಟಣದಿಂದ ಕಡ್ಡಿ ಗೀರಿದ. ಮಂಜಿಗೆ ಮೂರು ಕಡ್ಡಿ ಆರಿದವು, ನಾಲ್ಕನೆಯದು ಹತ್ತಿತು. ಒಂದು ಅಡಿಕೆ ಅಗಿದು ಮುಗಿಸುವಷ್ಟು ಹೊತ್ತೂ ದರ್ಭೆ ಉರಿಯಲಿಲ್ಲ. ಪುರೋಹಿತರು ಕಲಿಸಿದ ಎರಡು ಸಾಲಲ್ಲಿ ಮೊದಲನೆಯದು ಮುಗಿಯುವಾಗಲೇ ಬೆಂಕಿ ಇಳಿದಿತ್ತು. ಎರಡನೆಯದನ್ನು ಬೂದಿಗೆ ಹೇಳಿದ.

ಶಿಹು ಇನ್ನೂ ಸುಡದೆ ಗದ್ದೆಯಲ್ಲಿ ನಿಂತಿರುವಾಗಲೇ, ಮೂರನೆಯ ದಿನ ಬೆಳಿಗ್ಗೆ ನಾಮಘರದಲ್ಲಿ ಊರು ಸೇರಿತು. ತಪ್ಪು ಮಾಡಿದವನು ತಟ್ಟೆಯಲ್ಲಿ ಅಡಿಕೆ ವೀಳ್ಯದೆಲೆ ಇಟ್ಟುಕೊಂಡು ಪ್ರತಿಯೊಬ್ಬರ ಮುಂದೆಯೂ ಮೊಣಕಾಲೂರಬೇಕು. ಒಂದು ಚೂರು ತೆಗೆದುಕೊಂಡರೆ ಕ್ಷಮಿಸಿದ ಹಾಗೆ. ಎಲ್ಲರಿಂದ ಕ್ಷಮೆ ಸಿಗುವ ತನಕ ಅವನ ಮನೆಯಲ್ಲಿ ಯಾರೂ ನೀರು ಮುಟ್ಟುವುದಿಲ್ಲ, ಅವನ ಕೈಯ ಕೆಲಸ ಊರಿನ ಹಬ್ಬಕ್ಕೆ ಸೇರುವುದಿಲ್ಲ.

ಖಗೇಶ್ವರ ಒಗೆದ ಧೋತಿ ಉಟ್ಟು, ಗಮೋಸಾವನ್ನು ಕೊರಳಿಗೆ ಹಾಕಿಕೊಂಡು ಬಂದ. ಭೋಗೇಶ್ವರಿ ಅಜ್ಜಿ ಮೊದಲು ತೆಗೆದುಕೊಂಡು ಅವನ ತಲೆ ಸವರಿದಳು. ಬೇಲಿಯ ಯಜಮಾನ ಗೊಣಗುತ್ತಲೇ ತೆಗೆದುಕೊಂಡ: "ಹೇಳಿ ಮಾಡಿದ್ರೆ ನಾವೇನು ಕಟ್ಟಿಗೆ ಕೊಡ್ತಿರಲಿಲ್ವಾ, ಹುಚ್ಚ." ಒಬ್ಬೊಬ್ಬರಾಗಿ ಮೂವತ್ತು, ನಲವತ್ತು ಜನ ತೆಗೆದುಕೊಂಡರು. ತಾನು ನೋಯಿಸಿದ್ದು ಇವರನ್ನು, ಇವರ ಮುಂದೆ ಮೊಣಕಾಲೂರುವುದು ಅವನಿಗೆ ಕಷ್ಟವಾಗಲಿಲ್ಲ.

ಮಹೀಧರ ಅಧ್ಯಕ್ಷನ ಜಾಗದಲ್ಲಿ ಚಾಪೆಯ ಮೇಲೆ ಕೂತಿದ್ದ. ಖಗೇಶ್ವರ ಹತ್ತಿರ ಬಂದಂತೆ ಅವನು ಮುಖದಲ್ಲಿ ದೊಡ್ಡಣ್ಣನ ಕರುಣೆ ತಂದುಕೊಂಡು ಕೈ ಚಾಚಿದ. "ಆಯ್ತು ಭಾಯ್ಟಿ, ಮನುಷ್ಯ ಅಂದ್ಮೇಲೆ ತಪ್ಪಾಗ್ತದೆ" ಎಂದ.

ಖಗೇಶ್ವರ ಅಲ್ಲಿ ಮೊಣಕಾಲೂರಲಿಲ್ಲ. ತಟ್ಟೆಯನ್ನು ಹಿಡಿದುಕೊಂಡು ಮುಂದಿನವನ ಬಳಿಗೆ ಹೋಗಿ, ಅವನ ಮುಂದೆ ಕೂತು, ತಲೆ ತಗ್ಗಿಸಿದ. ಚಾಚಿದ ಕೈ ಬರಿದಾಗಿ ಹಾಗೇ ಸ್ವಲ್ಪ ಹೊತ್ತು ಇತ್ತು.

"ಒಬ್ಬರು ಬಿಟ್ಟುಹೋದ್ರಲ್ಲೋ ಮಗಾ" ಎಂದಳು ಅಜ್ಜಿ. "ಹಾಗಾದ್ರೆ ಇದು ಮುಗಿಯಲ್ಲ. ನಿನ್ನ ಮನೇಲಿ ನೀರು ಕುಡಿಯೋ ಹಾಗಿಲ್ಲ ನಾವು."

"ಗೊತ್ತಜ್ಜಿ" ಎಂದ ಖಗೇಶ್ವರ. ತಟ್ಟೆ ಹಿಡಿದು ಇನ್ನೂ ಉಳಿದಿದ್ದವರ ಕಡೆಗೆ ಸರಿದ.