ಬೇಕೆಂದೇ ತಪ್ಪಿಸುತ್ತಿದ್ದ ಗೋಲು

ನಗರಗೆರೆಯ ಮೋಹನ್‌ಬಾಬು ಹಾಲೆಂಡ್ ತಂಡದ ಕಿತ್ತಳೆ ಅಂಗಿ ತೊಟ್ಟು ಫುಟ್‌ಬಾಲ್ ಮೈದಾನಕ್ಕಿಳಿದನೆಂದರೆ ಗೋಲಿನ ಮೇಲೆ ಗೋಲು. ಆದರೂ ಪ್ರತಿ ಪಂದ್ಯದಲ್ಲಿ ಒಂದನ್ನು ಬೇಕೆಂದೇ ತಪ್ಪಿಸುತ್ತಿದ್ದ. ಮಗುವಿನ ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟ ಹಾಗೆ, ಅದು ತಾಯಿ ಅಕ್ಕಯ್ಯಮ್ಮ ಹೇಳಿಕೊಟ್ಟ ಉಪಾಯ. ಮರೆತ ದಿನವೇ ಅವನ ಕಾಲು ಮುರಿದಿತ್ತು.

ಗೌರಿಬಿದನೂರಿನ ಫೈನಲ್‌ನಲ್ಲಿ, ಒಂದು ಗೋಲು ಹಿಂದಿದ್ದ ಅವನ ತಂಡಕ್ಕೆ ಕೊನೆಯ ನಿಮಿಷದಲ್ಲಿ ಪೆನಾಲ್ಟಿ ಸಿಕ್ಕಿತು. ಅಂದು ಅವನು ಇನ್ನೂ ಒಂದನ್ನೂ ತಪ್ಪಿಸಿರಲಿಲ್ಲ. ತಪ್ಪಿಸಿದರೆ ತಂಡ ಸೋಲುತ್ತದೆ, ಹೊಡೆದರೆ ಕಾಲು ಹೋಗುತ್ತದೆ. ಚೆಂಡನ್ನು ಇಟ್ಟ, ತೆಗೆದ, ಮತ್ತೆ ಇಟ್ಟ.

"ಹೊಡಿಯಪ್ಪ! ಆ ದೃಷ್ಟಿಯೆಲ್ಲಾ ನಂಗೇ ತಗಲ್ಲಿ!" ಗೆರೆಯಾಚೆಯಿಂದ ಅಕ್ಕಯ್ಯಮ್ಮ ಕೂಗಿದಳು.

ಅವನು ಒಮ್ಮೆ ತಾಯಿಯತ್ತ ನೋಡಿ, ಚೆಂಡಿನತ್ತ ಓಡಿದ. ಒದ್ದ. ಜನ ಕೇಕೆ ಹಾಕಿದರು. ಅವನು ಬಲೆಯತ್ತ ತಿರುಗಿಯೂ ನೋಡದೆ, "ಅಮ್ಮಾ, ಕೂತ್ಕೊಳ್ಳೇ, ಅಲ್ಲಾಡ್ಬೇಡ!" ಎಂದು ಚೀರುತ್ತ ತಾಯಿಯ ಕಡೆಗೆ ಓಡಿದ.